ದಿಂಬಿನ ಮೇಲಿನ ಹೆಸರು

ನಮ್ಮಕ್ಕ ನಲವತ್ತೊಂದನೆಯ ವಯಸ್ಸಿನಲ್ಲಿ ಹೆಸರು ಬದಲಾಯಿಸಿಕೊಂಡಳು. ಅವಳು ಅಡುಗೆ ಮಾಡುತ್ತಿದ್ದ ಶಾಲೆಯ ಮಕ್ಕಳು ಹೊಸ ಹೆಸರನ್ನು ಎರಡೇ ದಿನಕ್ಕೆ ಕಲಿತವು. ಅಮ್ಮನಿಗೆ ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳೂ ಇಬ್ಬರ ನಡುವೆ ಸಿಕ್ಕಿ ಒದ್ದಾಡಿದವಳು ನಾನು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗೇ ಸೇರಿದ್ದು.

ಹಳೆಯ ಹೆಸರು ಆರ್ನೆಟ. ಅಲಬಾಮಾದಲ್ಲಿದ್ದಾಗ ಅಮ್ಮ ಹೊಲದ ಒಡೆಯರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಒಡತಿಯ ದಿಂಬಿನ ಚೀಲಗಳ ಮೇಲೆ ನೀಲಿ ದಾರದಲ್ಲಿ ಆ ಹೆಸರಿನ ಕಸೂತಿ ಇತ್ತು. ಓದು ಬಾರದ ಅಮ್ಮ ಇಸ್ತ್ರಿ ಮಾಡುತ್ತ ಆ ಅಕ್ಷರಗಳನ್ನು ಬೆರಳಿನಲ್ಲಿ ತಿದ್ದಿ ಕಲಿತಳು. ಚೊಚ್ಚಲ ಮಗು ಹುಟ್ಟಿದಾಗ ಅದನ್ನೇ ಇಟ್ಟಳು. ನಾನು ಹುಟ್ಟುವ ಹೊತ್ತಿಗೆ ದಿಂಬುಗಳು ಮುಗಿದಿದ್ದವೇನೋ, ನನಗೆ ಯಾವಳೋ ಸೋದರತ್ತೆಯ ಹೆಸರು ಸಿಕ್ಕಿತು.

ಆಮೇಲೆ ನಾವೆಲ್ಲ ಕ್ಲೀವ್‌ಲ್ಯಾಂಡಿಗೆ ಬಂದೆವು. ಅಮ್ಮ ದಿಂಬಿನ ಕಥೆಯನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು, ಅಕ್ಕ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಎಪ್ಪತ್ತಮೂರನೆಯ ಇಸವಿಯಲ್ಲಿ ಅವಳು ನಮ್ಮ ಬೀದಿಯ ಪುಸ್ತಕದಂಗಡಿಗೆ ಹೋಗಿ ಬರಲು ಶುರುಮಾಡಿದಳು. ಅಂಗಡಿಯವನು ಒಸೈ. ಮೂರು ವರ್ಷದ ಹಿಂದೆ, ಈ ಆಫ್ರಿಕಾದ ಹೆಸರು ಇಟ್ಟುಕೊಳ್ಳುವ ಮೊದಲು, ಅವನು ಕ್ಲಾರೆನ್ಸ್ ಆಗಿದ್ದ. ಘಾನಾದ ಕಡೆ ಮಗು ಯಾವ ವಾರ ಹುಟ್ಟುತ್ತದೋ ಆ ವಾರವೇ ಅದರ ಮೊದಲ ಹೆಸರಂತೆ. ನಮ್ಮ ಹಿರಿಯರನ್ನು ಆಫ್ರಿಕಾದ ಯಾವ ಊರಿನಿಂದ ಗುಲಾಮರಾಗಿ ಹಡಗು ಹತ್ತಿಸಿದರೋ ಯಾರಿಗೂ ಗೊತ್ತಿಲ್ಲ, ಟಾಲಿವರ್ ಎಂಬ ನಮ್ಮ ಮನೆಹೆಸರು ಮುತ್ತಜ್ಜನನ್ನು ಕೊಂಡವನದು. ಹುಟ್ಟಿದ ವಾರವೊಂದನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ ಎಂದು ಅಕ್ಕ ನನಗೆ ಹೇಳಿದಳು.

ಜನನಪತ್ರದಲ್ಲಿ ಸಾವಿರದ ಒಂಬೈನೂರ ಮೂವತ್ತೆರಡರ ಮಾರ್ಚ್ ಎಂಟು ಎಂದಿತ್ತು. ಹಳೆಯ ಕ್ಯಾಲೆಂಡರ್ ಹುಡುಕಿದಳು. ಮಂಗಳವಾರ. ಮಂಗಳವಾರ ಹುಟ್ಟಿದ ಹೆಣ್ಣು ಅಬೆನಾ.

ಸೊಪ್ಪಿನ ಪಲ್ಯ ಬಡಿಸುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದಾಗ ಸೌಟು ಅಲ್ಲೇ ನಿಂತಿತು.

“ಆ ಹೆಸರು ಇಟ್ಟವಳು ನಾನು. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬರೋಕೆ ಅದೇನು ಚಪ್ಪಲಿಯಾ?”

“ಅಮ್ಮ, ಆ ಹೆಂಗಸಿನ ದಿಂಬಿನ ಮೇಲಿದ್ದ ಹೆಸರು ನನಗೆ ಬೇಡ.”

“ನಿನಗೆ ಕೊಡೋಕೆ ಅವತ್ತು ನನ್ನ ಹತ್ತಿರ ಇದ್ದದ್ದು ಅದೊಂದೇ ಕಣೇ,” ಎಂದಳು ಅಮ್ಮ. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಅಂದಿನಿಂದ ಅಕ್ಕ ಅಮ್ಮನ ಪಾಲಿಗೆ ‘ಏ ಇವಳೇ’ ಆದಳು. ಹಳೆಯದನ್ನು ಕರೆದರೆ ಅಕ್ಕ ಓಗೊಡುತ್ತಿರಲಿಲ್ಲ, ಹೊಸದನ್ನು ಅಮ್ಮ ಬಾಯಿಗೆ ತರುತ್ತಿರಲಿಲ್ಲ. ಫೋನ್ ಮಾಡಿದರೆ ‘ನಿಮ್ಮಕ್ಕನಿಗೆ ಹೇಳು’, ‘ನಿಮ್ಮಮ್ಮನಿಗೆ ಹೇಳು’. ನನಗಂತೂ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯಬೇಕು ಎನ್ನಿಸುತ್ತಿತ್ತು.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಒಸೈನ ಅಂಗಡಿಯಲ್ಲಿ ನಾಮಕರಣವೆಂದು ನಿಶ್ಚಯವಾಯಿತು. ಅಮ್ಮ ಬರಬೇಕೆಂದು ಅಕ್ಕ ಹಟ ಹಿಡಿದಳು. ಹೆತ್ತವಳು ಬಾಯಿಬಿಟ್ಟು ಕರೆಯದಿದ್ದರೆ ಅದು ಬರೀ ಪುಸ್ತಕದ ಹೆಸರಾಗಿ ಉಳಿಯುತ್ತದೆ ಎಂದು ನನ್ನ ಮುಂದೆ ಅತ್ತಳು. ನಾನು ಹೋಗಿ ಅಮ್ಮನಿಗೆ ಹೇಳಿದೆ. ಶನಿವಾರ ಅಮ್ಮ ಚರ್ಚಿನ ಟೋಪಿ ಇಟ್ಟುಕೊಂಡು ಬಂದು, ಕೈಚೀಲ ತೊಡೆಯ ಮೇಲಿರಿಸಿ ಹಿಂದಿನ ಸಾಲಿನಲ್ಲಿ ಕುಳಿತಳು.

ಒಸೈ ಅಕ್ಕನ ನಾಲಿಗೆಗೆ ನೀರು ಮುಟ್ಟಿಸಿದ. ಜೇನಿನ ಬಟ್ಟಲು ಎತ್ತಿಕೊಂಡು, ಮಂಗಳವಾರ ಹುಟ್ಟಿದ ಮಗಳೇ ಎಂದು ಶುರುಮಾಡಿದ. ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

“ಮಂಗಳವಾರ ಅಲ್ಲ,” ಎಂದಳು ಅಮ್ಮ.

ಜನನಪತ್ರದಲ್ಲಿ ಹಾಗೇ ಇದೆಯಲ್ಲ ಎಂದು ಒಸೈ ಮೆಲ್ಲಗೆ ಹೇಳಿದ.

“ಕಾಗದ ಹೆತ್ತಿಲ್ಲ ಕ್ಲಾರೆನ್ಸ್, ಹೆತ್ತವಳು ನಾನು.”

ಆಮೇಲೆ ಅವಳು ಅಕ್ಕನನ್ನೇ ನೋಡುತ್ತ ಹೇಳಿದಳು. ಸೂಲಗಿತ್ತಿ ಜನನ ಬರೆಸಲು ಪಟ್ಟಣಕ್ಕೆ ಹೋದದ್ದು ಮಂಗಳವಾರ, ಕಚೇರಿಯವನು ಅಂದಿನ ತಾರೀಖನ್ನೇ ಬರೆದುಕೊಂಡ. “ನೀನು ಬಂದದ್ದು ತಿಂಗಳ ಮೊದಲ ಭಾನುವಾರ. ಪಾದ್ರಿ ನಮ್ಮೂರಿಗೆ ಬರ್ತಿದ್ದದ್ದು ಅವತ್ತು ಮಾತ್ರ. ಚರ್ಚಿನ ಹಾಡು ಕಿಟಕೀಲಿ ಕೇಳ್ತಿತ್ತು. ಬಟ್ಟೆ ಒಗೆಯೋದು ಇಲ್ಲದ ದಿನ. ಸಂಜೆವರೆಗೂ ನಿನ್ನ ಕೆಳಗೆ ಇಳಿಸಲಿಲ್ಲ. ಪ್ರತಿ ಮಾರ್ಚ್ ಮೊದಲ ಭಾನುವಾರ ಕೇಕ್ ಯಾಕೆ ಮಾಡ್ತೀನಿ ಅಂದುಕೊಂಡಿದ್ದೆ?”

ಹುಟ್ಟುಹಬ್ಬದ ಕೇಕ್ ಭಾನುವಾರ ಮಾಡುವುದು ಅಮ್ಮನಿಗೆ ಅಂದು ರಜೆಯೆಂದೇ ನಾವು ತಿಳಿದಿದ್ದೆವು. ನಲವತ್ತು ವರ್ಷ ಆ ತೆಂಗಿನಕಾಯಿ ಕೇಕ್ ತಿಂದು ಕೈ ತೊಳೆದುಕೊಂಡವರು, ಒಬ್ಬರಾದರೂ ಕೇಳಿರಲಿಲ್ಲ.

“ಹೇಳಬಾರದಿತ್ತೇನಮ್ಮ?” ಎಂದಳು ಅಕ್ಕ.

“ನೀನು ಕೇಳಲಿಲ್ಲ. ಪುಸ್ತಕದಲ್ಲಿ ಹುಡುಕಿದೆ, ಕ್ಯಾಲೆಂಡರ್‌ನಲ್ಲಿ ಹುಡುಕಿದೆ. ನಾನು ಎರಡು ಬೀದಿ ಆಚೆಗಿದ್ದೆ.”

ಅಕ್ಕ ಎಲ್ಲರೆದುರು ಮಗುವಿನ ಹಾಗೆ ಅತ್ತಳು. ಅಮ್ಮ ಮುಂದೆ ಬಂದು, ಭಾನುವಾರದ ಹೆಣ್ಣಿಗೆ ಏನನ್ನುತ್ತಾರೆಂದು ಒಸೈನನ್ನು ಕೇಳಿದಳು. ಅವನು ಹೇಳಿದ. ಇನ್ನೊಮ್ಮೆ ನಿಧಾನವಾಗಿ ಹೇಳು ಎಂದಳು. ಜೇನಿನಲ್ಲಿ ತಾನೇ ಬೆರಳದ್ದಿ ಅಕ್ಕನ ನಾಲಿಗೆಗೆ ಹಚ್ಚಿದಳು.

“ಅಕೋಸುವಾ,” ಎಂದಳು, ಕೊರಳಿಗೆ ಬಿದ್ದ ಅಕ್ಕನಿಗೆ. “ಅಳು ನಿಲ್ಲಿಸು, ನನ್ನ ಟೋಪಿ ಒದ್ದೆಯಾಗುತ್ತೆ.”

ಪಾಪ, ಶಾಲೆಯ ಮಕ್ಕಳು ಮತ್ತೊಂದು ಹೆಸರು ಕಲಿಯಬೇಕಾಯಿತು.

ಮರುವಾರವೇ ಅಮ್ಮ ನನ್ನನ್ನು ಕರೆಸಿ, ಆ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಡು ಎಂದಳು. ಮಾರ್ಚ್ ಮೊದಲ ಭಾನುವಾರ ಕೇಕಿನ ಪಕ್ಕದಲ್ಲಿ ಒಂದು ಬಿಳಿಯ ದಿಂಬಿನ ಚೀಲ ಮಡಿಸಿಟ್ಟಿತ್ತು. ಅದರ ಮೂಲೆಯಲ್ಲಿ ನೀಲಿ ದಾರದಲ್ಲಿ, ಸ್ವಲ್ಪ ಸೊಟ್ಟಗೆ, ಅಕೋಸುವಾ ಎಂದಿತ್ತು. ಅಕ್ಕ ಒಂದೊಂದೇ ಅಕ್ಷರವನ್ನು ಬೆರಳಿನಲ್ಲಿ ಸವರಿದಳು.

“ನೀನೇ ಒಗೆದುಕೋ,” ಎಂದಳು ಅಮ್ಮ. “ಬೇರೆಯವರ ಮಗಳ ಕೈಗೆ ಕೊಡಬೇಡ.”