ಕಂಬಳಿ ಹೊದ್ದ ಕಲ್ಲು

ಕೊಟ್ಟೂರಿನಲ್ಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟವನನ್ನು ಜನ ಮೂರು ಪ್ರಶ್ನೆ ಕೇಳುತ್ತಾರೆ. ಯಾವ ಚಾನೆಲ್ಲು? ಯಾರ ಮದುವಿ? ಎಷ್ಟು ಕೊಡ್ತಾರ? ಯಾವ ಚಾನೆಲ್ಲೂ ಅಲ್ಲ, ಯಾರ ಮದುವೆಯೂ ಇಲ್ಲ, ಯಾರೂ ಒಂದು ಪೈಸೆ ಕೊಡುವುದಿಲ್ಲ ಅಂದರೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಹಂಗಾರ ಯಾಕ ಹಿಡೀತಿ?" ಅನ್ನುತ್ತಾರೆ. ಈ ನಾಲ್ಕನೆಯದಕ್ಕೆ ನನ್ನ ಮೈ ಉರಿಯುತ್ತದೆ. ದಿನವಿಡೀ ಕಟ್ಟೆ ಮೇಲೆ ಕೂತು ಇಸ್ಪೀಟು ಆಡುವವನನ್ನು ಯಾಕಪ್ಪಾ ಆಡ್ತಿ ಅಂತ ಯಾರಾದರೂ ಕೇಳಿದ್ದುಂಟೇ? ಇಲ್ಲ. ಬೈಕ್ ರಿಪೇರಿ ಮಾಡುವ ಸಾಬರವನು ಫೋಟೋ ಹಿಡಿದರೆ ಮಾತ್ರ ಊರಿಗೆಲ್ಲ ಕಾರಣ ಬೇಕು.

ಹೌದು, ನನ್ನದು ಬೈಕ್ ರಿಪೇರಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗ್ಯಾರೇಜು. ನಮ್ಮ ಅಬ್ಬಾ ಅಲ್ಲೇ ಕೂತು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು. ಮದುವೆ ಫೋಟೋ ತೆಗೆಯುವವನೊಬ್ಬ ಸ್ಟುಡಿಯೋ ಮುಚ್ಚಿ ಊರು ಬಿಡುವಾಗ ತನ್ನ ಹಳೇ ಕ್ಯಾಮೆರಾ ನನಗೆ ಮಾರಿದ. ಅವತ್ತಿನಿಂದ ಬೆಳಗಿನ ನಮಾಜು ಮುಗಿಸಿ ಮೊಪೆಡ್ಡು ಹತ್ತಿದರೆ, ಒಂಬತ್ತೂವರೆಗೆ ಗ್ಯಾರೇಜಿನ ಷಟರ್ ಎತ್ತುವ ತನಕ ನಾನು ಯಾರಿಗೂ ಸೇರಿದವನಲ್ಲ. ಹತ್ತಿರದಲ್ಲಿ ಉಜ್ಜಿನಿ ದಾರಿ. ಗ್ಯಾರೇಜಿಗೆ ರಜೆ ಇದ್ದ ದಿನ ಗುಡೇಕೋಟೆಯ ಬಂಡೆಗಳು, ಉಚ್ಚಂಗಿದುರ್ಗದ ಮೆಟ್ಟಿಲು, ಹಡಗಲಿಯಲ್ಲಿ ನಸುಕಿಗೇ ಮಲ್ಲಿಗೆ ಬಿಡಿಸುವ ಹೆಣ್ಣುಮಕ್ಕಳು, ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಹಗ್ಗ ಮಾರುವ ಮುದುಕ. ನನ್ನ ಹೆಂಡತಿ ಸಿಟ್ಟು ಬಂದರೆ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ಓಣಿಗೆಲ್ಲ ಕೇಳಲಿ ಅಂತ. "ಊರಿಗೆ ಉಪಕಾರಿ, ಮನಿಗೆ ಮಾರಿ! ಊರಾಗಿನ ಎಮ್ಮಿದೂ ಫೋಟೋ ಐತಿ, ಮನಿಯಾಗಿನ ಹೆಂಡ್ತಿದು ಒಂದಿಲ್ಲ." ಅದೂ ಖರೆ.

ನಮ್ಮ ಐದಾರು ಊರಿನ ಹುಚ್ಚರದ್ದು ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹರಪನಹಳ್ಳಿಯ ಒಬ್ಬ ಡ್ರಾಯಿಂಗ್ ಮೇಷ್ಟ್ರು ನಮಗೆಲ್ಲ ಗುರು. ನನ್ನ ಮೊದಲ ಚಿತ್ರಗಳನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: "ನೋಡಪಾ, ಬಿಳೀ ಬಣ್ಣ ಕಣ್ಣನ್ನ ತನ್ನ ಕಡೀಗೆ ಎಳ್ಕಂತೈತೆ. ಬೇಡಾದ ಬಿಳೀದು ಚಿತ್ರದಾಗೆ ಇರಬಾರ್ದು. ಕಣ್ಣಿಗೆ ಚುಚ್ಚೋದನ್ನ ಹೊರಗೆ ಹಾಕು." ಅದನ್ನು ನಾನು ವೇದವಾಕ್ಯ ಮಾಡಿಕೊಂಡೆ. ಕರೆಂಟು ಕಂಬ ಹೊರಗೆ. ಪ್ಲಾಸ್ಟಿಕ್ ಚೀಲ ಹೊರಗೆ. ಪಂಪ್‌ಸೆಟ್ಟಿನ ಡಬ್ಬಿ, ಬ್ಯಾನರು, ಮೈಲಿಗಲ್ಲು, ಎಲ್ಲಾ ಹೊರಗೆ. ತಪ್ಪಿಸಲು ಆಗದ್ದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಒರೆಸಿ ಹಾಕುತ್ತಿದ್ದೆ. ಎಂಥಾ ಶಾಣ್ಯಾ ನಾನು!

ಉಜ್ಜಿನಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಕುರಿ ದಾರಿ ಇತ್ತು. ಇತ್ತು ಅನ್ನಬೇಕಲ್ಲ ಅಂತಲೇ ನನಗೆ ಸಿಟ್ಟು. ಕುರಿಯವರ ಹಟ್ಟಿಯಿಂದ ಗೋಕಟ್ಟೆಗೆ ನೀರಿಗೆ ಹೋಗುವ ದಾರಿ ಅದು, ಎರಡು ಹೊಲಗಳ ನಡುವೆ. ದಾರಿಯ ಬಾಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಹಟ್ಟಿಯವರಿಗೆ ಅದೇ ದೇವರು. ವರ್ಷಕ್ಕೊಮ್ಮೆ ಸುಣ್ಣ ಬಳಿದು, ಭಂಡಾರ ಹಚ್ಚಿ, ಹಬ್ಬದ ದಿನ ಮೊದಲ ಹಾಲು ಅದಕ್ಕೇ ಎರೆಯುತ್ತಿದ್ದರು. ದೇವರೂ ಹೌದು, ಗುರುತೂ ಹೌದು: ಕಲ್ಲಿನ ಎಡಕ್ಕೆ ಹೊಲ, ಬಲಕ್ಕೆ ದಾರಿ. ಕಾಗದ ಪತ್ರ ಏನೂ ಇಲ್ಲ. ಅಜ್ಜಂದಿರ ಕಾಲದಿಂದ ಹೊಲದವರೂ ಕುರಿಯವರೂ ಆ ಕಲ್ಲಿನ ಮಾತು ಮೀರಿರಲಿಲ್ಲ.

ಆ ದಾರಿಯಲ್ಲಿ ದಿನಾ ಹಿಂಡು ಹೊಡೆದುಕೊಂಡು ಬರುವವಳು ಒಬ್ಬ ಮುದುಕಿ. ಅವಳ ಮಗನ ಬೈಕು ರಿಪೇರಿಗೆ ಬರುವುದು ನನ್ನ ಹತ್ತಿರವೇ, ಹಾಗಾಗಿ ಪರಿಚಯ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಬಾಯಲ್ಲಿ ಎಲೆಅಡಿಕೆ. ಮೊದಲ ದಿನ, "ಎಷ್ಟು ಕುರಿ ಅದಾವ ಯವ್ವಾ?" ಅಂತ ಕೇಳಿ ಬೈಸಿಕೊಂಡಿದ್ದೆ. "ಬಾಯಾಗ ಮಣ್ಣು ಹಾಕ್ಲಿ! ಕುರಿ ಎಣಿಸಿ ಹೇಳ್ತಾರೇನು? ಬೇಕಾದ್ರ ನಿನ್ನ ಗ್ಯಾರೇಜಿನ ನಟ್ಟು ಎಣಿಸ್ಕೊ ಹೋಗು." ಅಲ್ಲಿಂದ ನಮಗೆ ಸಲಿಗೆ, ಅವಳ ಬಾಯಲ್ಲಿ ನಾನು ಮೇಸ್ತ್ರಿ. ಮೂರು ವರ್ಷ ಆ ದಾರಿಗೆ ಹೋದೆ. ಸೂರ್ಯ ಗುಡ್ಡದ ಹಿಂದಿನಿಂದ ಎದ್ದು ಕುರಿಗಳ ಬೆನ್ನ ಮೇಲಿನ ಧೂಳಿಗೆ ಬೆಳಕು ಬಿದ್ದರೆ, ಅದನ್ನು ನೋಡಿದವನು ಹೊಟ್ಟೆಗಿಲ್ಲದಿದ್ದರೂ ಬದುಕಿಯಾನು.

ಒಂದೇ ಕಾಟ. ಆ ಸುಣ್ಣದ ಕಲ್ಲು. ಎಲ್ಲಿಂದ ಹಿಡಿದರೂ ಚಿತ್ರದ ಮೂಲೆಯಲ್ಲಿ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಬೆಳಕು ಏರಿದಂತೆ ಅದು ಕಣ್ಣು ಕುಕ್ಕುವ ಬಿಳಿ. ನಾನು ಕೂತು, ನಿಂತು, ಜಾಲಿಕಂಟಿಯ ಹಿಂದೆ ಹೋಗಿ, ಅದನ್ನು ತಪ್ಪಿಸಿಯೇ ಹಿಡಿಯುತ್ತಿದ್ದೆ. ಒಂದು ಮಾಗಿಯ ಮುಂಜಾನೆ ಮಂಜು ಬಿದ್ದಿತ್ತು. ಅಂಥ ಬೆಳಕು ಮತ್ತೆ ಸಿಗುವುದಿಲ್ಲ ಅನ್ನಿಸಿತು. ಎಲ್ಲಿ ನಿಂತರೂ ಕಲ್ಲು ಅಡ್ಡ.

"ಯವ್ವಾ, ಆ ಕಲ್ಲು ಕಣ್ಣಿಗೆ ಚುಚ್ಚತೈತಿ. ಒಂದೀಟು ನಿನ್ನ ಕಂಬಳಿ ಹೊದಿಸ್ತಿಯೇನು?" ಅಂದೆ.

ಮುದುಕಿ ನಕ್ಕಳು. "ದೇವರು ಚುಚ್ಚತೈತೇನೋ ನಿನಗ? ಆಗಲಿ ಬಿಡು, ಅದಕ್ಕೂ ಚಳಿ ಆಗಿರಬೇಕು," ಅಂತ ಹೆಗಲ ಮೇಲಿನ ಕಂಬಳಿ ತೆಗೆದು ಕಲ್ಲಿಗೆ ಹೊದಿಸಿ ಕೈ ಮುಗಿದಳು. ತಾನು ಬರೀ ಸೀರೆಯ ಸೆರಗು ಹೊದ್ದು ನಡುಗುತ್ತಾ ನಿಂತಳು. ನಾನು ಕ್ಲಿಕ್ಕಿಸಿದೆ.

ಗುಂಪಿನಲ್ಲಿ ಹಾಕುವ ಮುಂಚೆ ಮೂಲೆಯ ಆ ಕರಿ ಗುಪ್ಪೆಯನ್ನೂ ಒರೆಸಿದೆ. ಮೇಷ್ಟ್ರು, "ಈಗ ನೋಡಪಾ ಚಿತ್ರ ಅಂದ್ರೆ!" ಅಂತ ಬರೆದರು. ಯಾವುದೋ ಸ್ಪರ್ಧೆಯಲ್ಲಿ ಅದಕ್ಕೊಂದು ಪ್ರಶಸ್ತಿಪತ್ರವೂ ಬಂತು. ಕಟ್ಟು ಹಾಕಿಸಿ ಗ್ಯಾರೇಜಿನಲ್ಲಿ ಸ್ಪಾನರ್‌ಗಳ ಮೇಲೆ ನೇತುಹಾಕಿದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮುದುಕಿ ಮಗನ ಬೈಕಿನ ಹಿಂದೆ ಕೂತು ಗ್ಯಾರೇಜಿಗೇ ಬಂದಳು. ಇಳಿದವಳು ನೀರೂ ಕೇಳಲಿಲ್ಲ.

"ಮೇಸ್ತ್ರಿ, ಕಲ್ಲು ಕಿತ್ತು ಒಗದಾರ."

"ಯಾರು ಯವ್ವಾ?"

"ದಾರಿ ಬಾಜೂಕಿನ ಹೊಲ ಹೊಸದಾಗಿ ಕೊಂಡಾನಲ್ಲ, ಅವನ ಕಡ್ಯಾರು. ಮಿಷನ್ ತಂದು ಕಿತ್ತು, ದಾರೀನೂ ಹರಗಿ ಬಿಟ್ಟಾರ. ತಂತಿ ಬೇಲಿ ಹಾಕಾಕ ಕಂಬ ತಂದು ಒಟ್ಟ್ಯಾರ. ಕೇಳಿದ್ರ, ಇಲ್ಲಿ ಕಲ್ಲೂ ಇರಲಿಲ್ಲ, ದಾರೀನೂ ಇರಲಿಲ್ಲ ಅಂತಾರ. ಹೆಂಗ ಬಾಯಿ ಬರ್ತೈತಪ್ಪಾ?"

ಮಗ ಉಳಿದದ್ದು ಹೇಳಿದ. ಅರ್ಜಿ ಕೊಟ್ಟಿದ್ದಾರೆ. ಗುರುವಾರ ಸರ್ವೇದವನು ಬರುತ್ತಾನೆ. ಕಲ್ಲು ಅಲ್ಲಿತ್ತು ಅನ್ನುವುದಕ್ಕೆ ಏನಾದರೂ ಪುರಾವೆ ತೋರಿಸಿದರೆ ಬೇಲಿ ನಿಲ್ಲಿಸಿ ದಾರಿ ಅಂತ ಬರೆಯುತ್ತಾನಂತೆ. ಇಲ್ಲದಿದ್ದರೆ ಹಿಂಡು ಗೋಕಟ್ಟೆಗೆ ಹೋಗಲು ಲಾರಿ ಓಡಾಡುವ ಡಾಂಬರು ರಸ್ತೆಯೇ ಗತಿ, ಸುತ್ತಿ ಬಳಸಿ ಮೂರು ಮೈಲಿ. ಈ ಬಿಸಿಲಲ್ಲಿ, ಮರಿ ಹಾಕಿದ ಕುರಿಗಳನ್ನು ಕಟ್ಟಿಕೊಂಡು. ಅವರ ಮೊಬೈಲುಗಳಲ್ಲಿ ಮದುವೆ ಇದೆ, ಸೀಮಂತ ಇದೆ, ಕಲ್ಲಿಲ್ಲ. ದಿನಾ ಕಾಣುವ ಕಲ್ಲಿನ ಫೋಟೋ ಯಾರು ಹಿಡಿದಿಟ್ಟುಕೊಳ್ಳುತ್ತಾರೆ?

"ನಿನ್ನ ಡಬ್ಬಿಯಾಗ ಐತಲ್ಲ ಮೇಸ್ತ್ರಿ," ಅಂದಳು ಮುದುಕಿ. "ಮೂರು ವರ್ಷ ಅಲ್ಲೇ ಬಿದ್ದಿದ್ದಿ. ಅದನ್ನ ಕೊಡು, ಸಾಕು."

"ಅಷ್ಟೇನಾ?" ಅಂದೆ ನಾನು. ಎದೆ ಉಬ್ಬಿಸಿಯೇ ಅಂದೆ. "ಒಂದಲ್ಲ ಯವ್ವಾ, ನೂರು ಕೊಡ್ತೀನಿ. ಗುರುವಾರ ಅವರ ಬಾಯಿ ನಾ ಮುಚ್ಚಿಸ್ತೀನಿ." ಹಂಗಾರ ಯಾಕ ಹಿಡೀತಿ ಅಂತ ಕೇಳಿದವರಿಗೆಲ್ಲ ಅವತ್ತು ನನ್ನ ಹತ್ತಿರ ಉತ್ತರ ಇತ್ತು.

ಮಧ್ಯಾಹ್ನ ಗ್ಯಾರೇಜು ಮುಚ್ಚಿ ಮನೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಆ ದಾರಿಯ ಚಿತ್ರಗಳು ರಾಶಿ ರಾಶಿ ಇದ್ದವು. ಕುರಿ ಇವೆ, ಧೂಳಿದೆ, ಮುದುಕಿ ಇದ್ದಾಳೆ, ಗುಡ್ಡ ಇದೆ. ಕಲ್ಲಿಲ್ಲ. ಒಂದರಲ್ಲಿ ಜಾಲಿಕಂಟಿ ಅಡ್ಡ, ಅದನ್ನು ಅಡ್ಡ ತಂದವನು ನಾನೇ. ಒಂದರಲ್ಲಿ ಚೌಕಟ್ಟನ್ನು ಕಲ್ಲಿನ ಒಂದು ಗೇಣು ಈಚೆಗೇ ಕತ್ತರಿಸಿದ್ದೆ. ಕೆಲವದರಲ್ಲಿ ಒರೆಸಿದ ಜಾಗದಲ್ಲಿ ಹುಲ್ಲು ಬೆಳೆಸಿದ್ದೆ, ಎಷ್ಟು ನಾಜೂಕಾಗಿ ಅಂದರೆ ನನಗೇ ಗುರುತು ಸಿಗಲಿಲ್ಲ. ಮೂಲ ಚಿತ್ರಗಳು? ಜಾಗ ಸಾಲದೆಂದು ಅಳಿಸಿದ್ದೆ. ಹೆಂಡತಿ ಬಂದು, "ಊಟ?" ಅಂದಳು. ಏನೂ ತಪ್ಪಿಲ್ಲದ ಅವಳ ಮೇಲೆ ಹರಿಹಾಯ್ದೆ. ಹೊಲ ಕೊಂಡವನು ಮಿಷನ್ ತಂದು ಒಂದು ದಿನದಲ್ಲಿ ಮಾಡಿದ ಕೆಲಸವನ್ನು ನಾನು ಮೂರು ವರ್ಷದಿಂದ ಕೂತಲ್ಲೇ ಮಾಡಿದ್ದೆ. ಅವನಿಗಾದರೂ ಹೊಲ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ರಟ್ಟಿನ ಕಾಗದ.

ಒಂದೇ ಒಂದು ಮೂಲ ಚಿತ್ರ ಉಳಿದಿತ್ತು, ಪ್ರಶಸ್ತಿ ಬಂದದ್ದು ಅಂತ ಜೋಪಾನ ಮಾಡಿದ್ದು. ಅದರ ಮೂಲೆಯಲ್ಲಿ ಕರಿ ಕಂಬಳಿ. ಒಂದು ನೂಲಿನಷ್ಟೂ ಬಿಳಿ ಕಾಣದ ಹಾಗೆ, ಮುದುಕಿ ಭಕ್ತಿಯಿಂದ ನೆಲದವರೆಗೆ ಹೊದಿಸಿದ್ದಳು.

ಗುರುವಾರ ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದೆ. ಸರ್ವೇದವನು, ಹೊಲ ಕೊಂಡವನ ಕಡೆಯ ಒಬ್ಬ, ಪಕ್ಕದ ಹೊಲದ ರೈತ, ಮುದುಕಿ, ಅವಳ ಮಗ. ಹರಗಿದ ಮಣ್ಣಿನ ಮೇಲೆ ನಿಂತಿದ್ದೆವು. ಸರ್ವೇದವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನ್ರಿ ಇದು?"

"ಕಂಬಳಿ."

"ಕಲ್ಲೆಲ್ಲೈತಿ?"

"ಕಂಬಳಿ ಕೆಳಗ ಐತ್ರಿ ಸಾಹೇಬ್ರ."

"ದಾರಿ?"

"ಕುರಿಗಳ ಕೆಳಗ."

ಸರ್ವೇದವನು ನಕ್ಕುಬಿಟ್ಟ. ಹೊಲ ಕೊಂಡವನ ಕಡೆಯವನಿಗೆ ಅಷ್ಟೇ ಸಾಕಾಗಿತ್ತು. "ಸಾಹೇಬ್ರ, ನಾಳಿಗೆ ನಾನೂ ಒಂದು ಕಂಬಳಿ ತರ್ತೀನಿ, ಅದರ ಕೆಳಗ ನಮ್ಮಪ್ಪನ ಅರಮನಿ ಐತಿ ಅಂತೀನಿ. ಬರಕೊಳ್ರಿ ಮತ್ತ!"

ನಾನು ಅವನ ಅಂಗಿ ಹಿಡಿಯಲು ಹೋದೆ. ಮಗ ನನ್ನನ್ನು ಹಿಂದಕ್ಕೆಳೆದ. ಪಕ್ಕದ ಹೊಲದವನ ಕಡೆ ತಿರುಗಿ, "ನೀನರ ಹೇಳೋ! ಹುಟ್ಟಿದಾಗಿಂದ ನೋಡಿಲ್ಲೇನು ಆ ಕಲ್ಲು?" ಅಂತ ಚೀರಿದೆ. ಅವನು ಕಾಲಿನ ಹೆಬ್ಬೆರಳಲ್ಲಿ ಮಣ್ಣು ಕೆದರುತ್ತಾ, "ನನಗ ಸರಿ ನೆಪ್ಪಿಲ್ಲಪ್ಪಾ," ಅಂದ. ಹೊಲ ಕೊಂಡವನ ಬೋರಿನಿಂದ ಅವನಿಗೂ ಒಂದು ಪೈಪು ಬರುವುದಿದೆ ಅಂತ ಆಮೇಲೆ ತಿಳಿಯಿತು. ಸರ್ವೇದವನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ನೋಡ್ರಿ, ಕಣ್ಣಿಗೆ ಕಂಡದ್ದು ಬರೀತೀನಿ, ಕಾಣದ್ದು ಹೆಂಗ ಬರೀಲಿ?" ಅಂದವನೇ, ಗುರುತು ಏನೂ ಕಂಡುಬಂದಿಲ್ಲ ಅಂತ ಬರೆದು, ಬೈಕು ಹತ್ತಿ ಹೋದ. ಬೈಯಬೇಕೆಂದರೆ ಅವನನ್ನು ಬೈಯಲೂ ನನಗೆ ಬಾಯಿಲ್ಲ. ಕಣ್ಣಿಗೆ ಕಾಣಬಾರದು ಅಂತ ಮಾಡಿದವನು ನಾನು.

ಮುದುಕಿ ನನ್ನ ಹತ್ತಿರ ಬಂದಳು. ನನ್ನ ಕೈಯಿಂದ ಚಿತ್ರ ತೆಗೆದುಕೊಂಡು ಕಂಬಳಿಯ ಮೇಲೆ ಬೆರಳಿಟ್ಟಳು.

"ಹೊದಿಸು ಅಂದಿ, ಹೊದಿಸಿದೆ," ಅಂದಳು. "ಈಗ ಸರಸು ನೋಡೋಣು."

ಸಿಟ್ಟಿನಾಗ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಅನ್ನುತ್ತಾರೆ. ನಾನು ಸಿಟ್ಟಿನಲ್ಲೂ ಕೊಯ್ದಿರಲಿಲ್ಲ, ಚಂದ ಕಾಣಲಿ ಅಂತ ಕೊಯ್ದಿದ್ದೆ.

ಮೇಷ್ಟ್ರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಪಾಪ, "ನಾ ಹೇಳಿದ್ದು ಚಿತ್ರದ ವಿಚಾರ ಕಣಪಾ," ಅಂದರು. ಖರೇನೇ. ಅವರು ಹೊರಗೆ ಹಾಕು ಅಂದರು, ಏನನ್ನು ಅಂತ ಯೋಚಿಸಬೇಕಾದವನು ನಾನಾಗಿದ್ದೆ. ಗ್ಯಾರೇಜಿನ ಗೋಡೆಯಿಂದ ಆ ಪ್ರಶಸ್ತಿಪತ್ರ ಕಿತ್ತು, ಗಾಜು ಒಡೆದು ಒಲೆಗೆ ಹಾಕಿದೆ. ಅದರಿಂದ ಯಾರ ದಾರಿಯೂ ಬರಲಿಲ್ಲ. ನಾಲ್ಕೇ ದಿನದಲ್ಲಿ ತಂತಿ ಬೇಲಿ ಎದ್ದಿತು. ಮೊದಲ ವಾರದಲ್ಲೇ ಡಾಂಬರು ರಸ್ತೆಯ ಮೇಲೆ ಎರಡು ಮರಿ ಲಾರಿಗೆ ಸಿಕ್ಕವು.

ಅದನ್ನು ಕೇಳಿ ಮರುದಿನ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ರಸ್ತೆಗೇ ಹೋದೆ. ಈ ಸಲ ಎಲ್ಲಾ ಬರಲಿ ಅಂತ ಹಟ. ಲಾರಿ ಬರಲಿ, ಬೇಲಿ ಬರಲಿ, ಕಂಬ ಬರಲಿ, ಮೇಲಿನ ಸಾಹೇಬರಿಗೆ ಕಳಿಸುತ್ತೇನೆ ಅಂತ. ಎದುರಿಗೆ ಹಿಂಡು ಬಂತು. ಕುರಿಗಳು ರಸ್ತೆಯ ಅಂಚಿಗೆ ಒತ್ತಿಕೊಂಡು ಬರುತ್ತಿದ್ದವು. ಹಿಂದೆ ಲಾರಿ ಹಾರ್ನ್ ಬಿಡುತ್ತಲೇ ಇತ್ತು. ಮುದುಕಿ ಒಂದು ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಾನು ಕ್ಯಾಮೆರಾ ಎತ್ತಿದೆ.

ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ಮರಿಯನ್ನು ಕೆಳಗೆ ಬಿಟ್ಟಳು. ಹೆಗಲ ಮೇಲಿನ ಕಂಬಳಿ ಎಳೆದು ಕ್ಯಾಮೆರಾದ ಮೇಲೆ, ನನ್ನ ಕೈಯ ಮೇಲೆ, ತಲೆಯ ಮೇಲೆ ಹಾಕಿಬಿಟ್ಟಳು.

"ಕಣ್ಣಿಗೆ ಚುಚ್ಚತೀವಿ ಮೇಸ್ತ್ರಿ," ಅಂದಳು ಹೊರಗಿನಿಂದ. "ಹೊದಿಸೀನಿ. ಈಗ ಹಿಡಿ."

ಒಳಗೆ ಕತ್ತಲು, ಕುರಿಯ ವಾಸನೆ. ನಾನು ಕಂಬಳಿ ತೆಗೆಯಲಿಲ್ಲ. ಹಿಂಡೆಲ್ಲ ನನ್ನ ಕಾಲಿಗೆ ಮೈ ಉಜ್ಜಿಕೊಂಡು ಎರಡೂ ಕಡೆಯಿಂದ ದಾಟಿ ಹೋಗುವವರೆಗೆ, ರಸ್ತೆಯ ಬದಿಗೆ ಹಾಗೇ ನಿಂತಿದ್ದೆ. ಕೊನೆಗೆ ಅವಳೇ ತನ್ನ ಕಂಬಳಿ ಎಳೆದುಕೊಂಡು ಕುರಿಗಳ ಹಿಂದೆ ಹೋದಳು.