ಅಂಗಾತ ಮಲಗುವ ಸುಖ

ಮನುಷ್ಯ ಹೇಗೆ ಮಲಗುತ್ತಾನೆ ಎಂಬುದರ ಮೇಲೆ ಅವನ ಸ್ವಭಾವವನ್ನು ಹೇಳಬಹುದೆಂಬುದು ನನ್ನ ಬಹಳ ದಿನದ ನಂಬಿಕೆ. ಗೋಡೆಯ ಕಡೆ ಮುಖ ಮಾಡಿ ಮುದುಡಿಕೊಳ್ಳುವವರು ಹಗಲಲ್ಲೂ ಯಾವುದೋ ಚಿಂತೆಗೆ ಬೆನ್ನು ತಿರುಗಿಸಿಯೇ ಓಡಾಡುತ್ತಿರುತ್ತಾರೆ. ಬೋರಲು ಮಲಗುವವರಿಗೆ ಹಾಸಿಗೆಯನ್ನು ಯಾರಾದರೂ ಎಳೆದುಕೊಂಡು ಹೋದಾರೆಂಬ ಭಯ. ಕೈಕಾಲು ಚೆಲ್ಲಿ ಅಂಗಾತ ಮಲಗುವವರು ಮಾತ್ರ ಜಗತ್ತಿನ ಮೇಲೆ ಸಂಪೂರ್ಣ ವಿಶ್ವಾಸವಿಟ್ಟ ಪುಣ್ಯಾತ್ಮರು. ಇದಕ್ಕೆ ಆಧಾರವೇನೆಂದು ದಯವಿಟ್ಟು ಕೇಳಬೇಡಿ. ನಿದ್ರಾಶಾಸ್ತ್ರದಲ್ಲಿ ನನಗಿರುವ ಅಧಿಕಾರವೆಂದರೆ, ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದದ್ದು. ಊಟದ ನಂತರದ ತರಗತಿಯಲ್ಲಿ ಆದಿಲಶಾಹಿಯ ಏಳುಬೀಳುಗಳನ್ನು ವಿವರಿಸುತ್ತ ನಾನು ಎಷ್ಟೋ ತರುಣ ತರುಣಿಯರನ್ನು ಸುಖನಿದ್ರೆಗೆ ಕಳುಹಿಸಿದ್ದೇನೆ. ಪಾಪ, ಬೆಂಚುಗಳು ಇಕ್ಕಟ್ಟಾಗಿದ್ದುದರಿಂದ ಅವರಲ್ಲಿ ಯಾರಿಗೂ ಅಂಗಾತ ಮಲಗುವ ಅನುಕೂಲವಿರಲಿಲ್ಲ.

ಅಂಗಾತ ಮಲಗುವವರಲ್ಲಿ ಸಾರ್ವಭೌಮಳೆಂದರೆ ನಮ್ಮ ಶಾಂತಕ್ಕ, ನನ್ನ ಒಬ್ಬಳೇ ಅಕ್ಕ. ಹೊನವಾಡದ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ರೊಟ್ಟಿ ಬಡಿದು, ಎಲ್ಲರಿಗೂ ಉಣಬಡಿಸಿ, ಪಡಸಾಲೆಯ ಕಲ್ಲುಹಾಸಿಗೆ ನೀರು ಚಿಮುಕಿಸಿ ಒರೆಸಿ, ಚಾಪೆಯ ಹಂಗಿಲ್ಲದೆ ಅವಳು ಬೆನ್ನು ಚಾಚಿದಳೆಂದರೆ ಮನೆಯ ಗಡಿಬಿಡಿಯೆಲ್ಲ ತಾನಾಗಿ ನಿಲ್ಲುತ್ತಿತ್ತು. ಅವಳ ಚಾಚಿದ ತೋಳೇ ನಮಗೆ ದಿಂಬು. ಹೊರಗೆ ಬಿಸಿಲು ಕುದಿಯುತ್ತಿದ್ದರೆ ಒಳಗೆ ಒದ್ದೆ ಕಲ್ಲಿನ ವಾಸನೆ, ಅಕ್ಕನ ಬಳೆಗಳಿಗೆ ಮೆತ್ತಿದ ಜೋಳದ ಹಿಟ್ಟಿನ ವಾಸನೆ, ಅರ್ಧಕ್ಕೇ ನಿಂತು ನಿದ್ದೆಯಾಗುವ ಅವಳ ಕಥೆ. “ನೆಲಕ್ಕ ಬೆನ್ನ ಹತ್ತಿದ್ರ ಸಾಕೋ, ದಣಿವೆಲ್ಲಾ ಭೂಮಿ ಎಳಕೋತೈತಿ” ಎನ್ನುತ್ತಿದ್ದಳು. ಮುಂದೆ ಮದುವೆಯಾಗಿ ತಿಕೋಟಾಕ್ಕೆ ಹೋಗಿ ಅಲ್ಲಿಯೇ ಸಾಲಿ ಟೀಚರಾದಳು. ಸಂಜೆ ಸಾಲಿ ಬಿಟ್ಟು ಬಂದವಳು ಮೊದಲು ಮಾಡುತ್ತಿದ್ದ ಕೆಲಸವೆಂದರೆ ನೆಲದ ಮೇಲೆ ಚಾಚಿಕೊಳ್ಳುವುದು. ಚಹಾ ಆಮೇಲೆ.

ಹೀಗಿದ್ದ ಅಕ್ಕ ಹೋದ ಚಳಿಗಾಲದ ಒಂದು ಮಧ್ಯಾಹ್ನ ತಿಕೋಟಾದ ತನ್ನ ಮನೆಯ ಮಂಚದ ಮೇಲೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, ಮುಂದಕ್ಕೆ ಬಾಗಿ ಕುಳಿತಿದ್ದನ್ನು ಕಂಡು ಅವಸರದಿಂದ ಹತ್ತಿರ ಹೋದೆ.

“ಯಾಕಕ್ಕಾ, ಹಿಂಗ್ಯಾಕ ಕುಂತಿ?”

“ಮಕ್ಕೊಂಡ್ರ ಹೊಟ್ಟ್ಯಾಗಿಂದ ಬೆನ್ನಿಗೆ ಗೂಟ ಹೊಡದಂಗ ಆಕ್ಕೈತಿ ತಮ್ಮಾ. ಬಗ್ಗಿ ಕುಂತ್ರ ತುಸು ತಡಕೋಬಹುದು.”

ಗ್ಯಾಸು ಎಂದುಕೊಂಡು ಅಜವಾನ, ಪಿತ್ತವೆಂದುಕೊಂಡು ನಿಂಬೆಹಣ್ಣು, ದೃಷ್ಟಿ ಎಂದುಕೊಂಡು ಉಪ್ಪು ಮೆಣಸಿನಕಾಯಿ, ಇವೆಲ್ಲ ಮುಗಿದ ಮೇಲೆ ವಿಜಯಪುರದಲ್ಲಿ ತಪಾಸಣೆಗಳಾದವು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ರಕ್ತನಾಳಗಳನ್ನು ಸುತ್ತಿಕೊಂಡು ಕೂತಿರುವುದರಿಂದ ಕೊಯ್ದು ತೆಗೆಯುವಂತಿಲ್ಲ. ಸುಲ್ತಾನರ ವಂಶಾವಳಿಯನ್ನು ತಡವರಿಸದೆ ಹೇಳಬಲ್ಲ ನನಗೆ ನನ್ನದೇ ಹೊಟ್ಟೆಯಲ್ಲಿ ಇಂಥದೊಂದು ಅಂಗವಿದೆಯೆಂದು ಅಂದೇ ಸರಿಯಾಗಿ ತಿಳಿದದ್ದು. ಜಠರದ ಹಿಂದೆ, ಬೆನ್ನೆಲುಬಿನ ಮುಂದೆ, ಕೂಡುಕುಟುಂಬದ ಹಿರಿಯ ಸೊಸೆಯಂತೆ ಅದು ಎಲ್ಲರ ಅನ್ನವನ್ನೂ ಅರಗಿಸುತ್ತ ಯಾರ ಕಣ್ಣಿಗೂ ಬೀಳದೆ ಇರುತ್ತದಂತೆ. ಅಕ್ಕನನ್ನು ವಿಜಯಪುರದಲ್ಲೇ ಇರುವ ಜಲನಗರದ ನಮ್ಮ ಮನೆಗೆ ಕರೆತಂದೆವು. ಗಡ್ಡೆಗೆ ಔಷಧಿ ನಡೆದಿತ್ತು, ನೋವಿಗೂ ಗುಳಿಗೆಗಳಿದ್ದವು. ಅವನ್ನು ನುಂಗಿದರೆ ಮಂಪರು ಬರುತ್ತಿತ್ತೇ ಹೊರತು ಮಲಗುವಂತಾಗುತ್ತಿರಲಿಲ್ಲ. ಕುಳಿತೇ ತೂಕಡಿಸುತ್ತಿದ್ದಳು.

ನಮ್ಮ ಓಣಿಯ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವರು, ಒಂದು ದಿನ “ಏನ್ ಬೇಕ್ರಿ ಅಮ್ಮಾರ ನಿಮಗ?” ಎಂದು ಕೇಳಿದಾಗ ಅಕ್ಕ ಹೇಳಿದ್ದು ಇಷ್ಟೇ: “ಎಷ್ಟ ದಿನಾ ಅಂತ ನಾ ಕೇಳೂದಿಲ್ರಿ. ಒಮ್ಮೆ ನೆಲಕ್ಕ ಬೆನ್ನ ಹಚ್ಚಿ ಮಕ್ಕೋಬೇಕು. ಅಷ್ಟ ಮಾಡಿ ಕೊಡ್ರಿ.” ನಾನು ಕಿಟಕಿಯ ಹೊರಗೆ ನಿಂತಿದ್ದ ಆಟೋಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಶಬ್ದದಿಂದ ಮಾಡುವ ಚಿಕಿತ್ಸೆಯ ಮಾತು ಬಂದದ್ದು ಆಗ. ಪಿಸುಮಾತನ್ನೂ ಗುಮ್ಮಟಕ್ಕೆ ಹತ್ತಿಸಿ ಹಲವು ಸಲ ಕೇಳಿಸಿಕೊಳ್ಳುವ ಊರಿನವರಾದರೂ, ಕಿವಿಗೆ ಕೇಳದ ಶಬ್ದ ನೋವು ಕಳೆಯುತ್ತದೆಂಬುದನ್ನು ನಾವು ನಂಬಲಿಲ್ಲ. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು.

“ಸಣ್ಣವರಿದ್ದಾಗ ಭೂತಗನ್ನಡಿ ಹಿಡದು ಬಿಸಿಲಿನ್ಯಾಗ ಕಾಗದ ಸುಟ್ಟೀರಿಲ್ರಿ? ಬರೇ ಬಿಸಿಲು ಕಾಗದಾ ಸುಡೂದಿಲ್ಲ. ಎಲ್ಲಾ ಕಿರಣ ಕೂಡಿದ ಜಾಗಾ ಅಷ್ಟ ಸುಡತೈತಿ. ಇದೂ ಹಂಗರಿ. ಶಬ್ದದ ತರಂಗ ಹೊರಗಿಂದ ಬಿಡ್ತಾರ; ದಾಟಿ ಹೋಗೂ ಮುಂದ ಒಂದೊಂದೂ ಏನೂ ಮಾಡೂದಿಲ್ಲ, ಗಡ್ಡಿ ಇದ್ದಲ್ಲಿ ಕೂಡಿದಾಗ ಕಾವು ಹುಟ್ಟಿ ಅಲ್ಲಿನ ನೋವಿನ ನರ ಸುಡತೈತಿ. ಎಲ್ಲಿ ಕೂಡಬೇಕು ಅನ್ನೂದನ್ನ ಪರದೆ ಮ್ಯಾಲ ಚಿತ್ರಾ ನೋಡಕೋತ ಗುರಿ ಹಿಡೀತಾರ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ.”

“ಕಾಗದ ಅಷ್ಟಽ ಏನ್ರಿ!” ಎಂದಳು ಅಕ್ಕ. “ಇಂವಾ ಅಜ್ಜನ ಭೂತಗನ್ನಡಿ ಹಿಡದು ನನ್ನ ಹೊಸಾ ಲಂಗದ ಅಂಚ ಸುಟ್ಟಾನ. ಆವತ್ತಽ ಡಾಕ್ಟರ್ ಆಗಬೇಕಿತ್ತು, ಇತಿಹಾಸಕ್ಕ ಹೋದ.”

ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದಳು. ಡಾಕ್ಟರಮ್ಮನೂ ನಕ್ಕು, ಆಮೇಲೆ ಮೆಲ್ಲಗೆ ಹೇಳಿದರು: “ರೋಗ ಹೋಗತೈತಿ ಅಂತ ನಾ ಹೇಳೂದಿಲ್ಲ. ನೋವು ಇಳೀಬಹುದು. ಎಲ್ಲಾರಿಗೂ ಇಳೀತೈತಿ ಅಂತನೂ ಇಲ್ಲ.” ಒಂದು ಕಟ್ಟಪ್ಪಣೆಯೂ ಇತ್ತು. ಹೋಗುವ ಮೊದಲು ಎರಡು ದಿನ ಬರೀ ತಿಳಿ ಗಂಜಿ, ಆಮೇಲೆ ಅದೂ ಇಲ್ಲ. ಹೊಟ್ಟೆ ಕರುಳಿನಲ್ಲಿ ಗಾಳಿ ತುಂಬಿದರೆ ಹಿಂದೆ ಅಡಗಿದ ಗ್ರಂಥಿಯ ಚಿತ್ರವೂ ಕಾಣದು, ತರಂಗವೂ ದಾಟದು. ಆ ಯಂತ್ರ ನಮ್ಮೂರಲ್ಲಿ ಇರಲಿಲ್ಲ. ದೂರದ ದೊಡ್ಡ ಊರಿಗೆ ರೈಲಿನಲ್ಲಿ ಹೋಗಬೇಕು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ದವಾಖಾನೆಗೆ ಹೊರಟವರನ್ನು ನಾವು ಬರಿಗೈಯಲ್ಲಿ ನೋಡಲು ಹೋಗುವುದಿಲ್ಲ. ಡಬ್ಬಿಯಲ್ಲಿ ಏನಾದರೂ ಒಯ್ಯಬೇಕು, ಒಯ್ದದ್ದನ್ನು ಇಟ್ಟು ಬಂದರೂ ಆಗದು. ಒಂದು ತುತ್ತನ್ನಾದರೂ ನಮ್ಮ ಕೈಯಿಂದಲೇ ಬಾಯಿಗಿಡಬೇಕು. ಹೊರಡುವ ದಿನ ನಮ್ಮ ಮನೆ ಮದುವೆ ಮನೆಯಂತಾಯಿತು. ಬಬಲೇಶ್ವರದಿಂದ ಚಿಗವ್ವ, ಅಂದರೆ ನಮ್ಮ ತಾಯಿಯ ತಂಗಿ, ಮಡಕಿ ಕಾಳಿನ ಉಸುಳಿ ತಂದಳು. ಇಬ್ರಾಹಿಂಪುರದ ನಂಟರು ಶೇಂಗಾದ ಹೋಳಿಗೆ ತಂದರು. ಹೊನವಾಡದಿಂದ ದ್ರಾಕ್ಷಿಯ ಬುಟ್ಟಿ ಬಂತು. ನಾವು ಹುಡುಗರಾಗಿದ್ದಾಗ ಜೋಳದ ತೆನೆಗಳು ಆಳೆತ್ತರ ನಿಲ್ಲುತ್ತಿದ್ದ ಹೊಲದಲ್ಲಿ ಈಗ ದ್ರಾಕ್ಷಿಯ ಬಳ್ಳಿಗಳಿವೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೋಟೆಯ ಕಾವಲಿಗೆ ಕುಳಿತು, ಬಂದವರಿಗೆಲ್ಲ ಪಚನಕ್ರಿಯೆಯ ಕುರಿತು ಚಿಕ್ಕ ಉಪನ್ಯಾಸ ಕೊಟ್ಟೇ ಒಳಗೆ ಬಿಡುತ್ತಿದ್ದೆ. ನನ್ನ ಉಪನ್ಯಾಸದ ಪ್ರಭಾವ ಎಂದಿನಂತೆಯೇ ಇತ್ತು. ಇತಿಹಾಸದಲ್ಲಿ ಕೋಟೆಗಳು ಹೇಗೆ ಬೀಳುತ್ತವೆಂದು ಓದಿದವನಾದರೂ, ಯಾರೋ ನನ್ನ ಕೈಗೂ ಒಂದು ತಟ್ಟೆ ಹೋಳಿಗೆ ಕೊಟ್ಟು ಮೇಲೆ ತುಪ್ಪ ಹಾಕಿದಾಗ ನನಗೆ ಸಂಶಯ ಬರಲಿಲ್ಲ.

ದೊಡ್ಡ ಊರಿನಲ್ಲಿ, ಚಿಕಿತ್ಸೆಗೆ ಮೊದಲು ಹೊಟ್ಟೆಯ ಚಿತ್ರ ತೆಗೆದ ವೈದ್ಯರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬರೀ ಮಬ್ಬು. ಇವತ್ತು ಆಗುವುದಿಲ್ಲ, ಮುಂದಿನ ವಾರ ಬನ್ನಿ ಎಂದರು. ಹೊರಗೆ ಬಂದು ಅಕ್ಕನ ಮೇಲೆ ರೇಗಿದೆ: “ಏನ್ ತಿಂದೀ ನೀ?”

“ನಾ ಎಲ್ಲಿ ತಿಂದೇನೋ. ಒಬ್ಬೊಬ್ರು ಒಂದೊಂದ ತುತ್ತು ಇಟ್ರು. ಚಿಗವ್ವಾ ಈ ವಯಸ್ಸಿನ್ಯಾಗ ಬಸ್ಸಿನ್ಯಾಗ ನಿಂತಕೊಂಡ ಬಂದಿದ್ಲು. ಬಾಯಿ ಮುಂದ ಕೈ ತಂದಾಗ ಬ್ಯಾಡ ಅಂತ ಹೆಂಗ ಅನ್ನಲಿ?”

ನನ್ನ ಸಿಟ್ಟು ಅಲ್ಲೇ ಕುಸಿಯಿತು. ಅವಳು ಆಸ್ಪತ್ರೆಯ ಬೆಂಚಿನ ಮೇಲೆ ದಿಂಬನ್ನು ಅವುಚಿಕೊಂಡು ಬಾಗಿ ಕುಳಿತಳು. ಇನ್ನೂ ಒಂದು ವಾರ ಹೀಗೆಯೇ ಕುಳಿತಿರಬೇಕಲ್ಲ ಎಂದು ನನಗೆ ಅಳು ಬಂದಿತ್ತು. ಯಾರನ್ನು ದೂರುವುದು? ಬಂದವರೆಲ್ಲ ನನ್ನ ಮಾತನ್ನು ಒಪ್ಪಿಯೇ ಒಳಗೆ ಹೋಗಿದ್ದರು. ನನ್ನದೊಂದು ತುತ್ತಿನಿಂದ ಏನಾದೀತು ಎಂಬುದು ಪ್ರತಿಯೊಬ್ಬರ ಲೆಕ್ಕ. ಆ ಲೆಕ್ಕ ಅವರವರ ಮಟ್ಟಿಗೆ ಸರಿಯೂ ಹೌದು. ಡಾಕ್ಟರಮ್ಮ ಹೇಳಿದ ತರಂಗಗಳೂ ಹಾಗೆಯೇ ಅಲ್ಲವೇ, ಒಂದೊಂದೂ ನಿರುಪದ್ರವಿ, ಕೂಡಿದಲ್ಲಿ ಮಾತ್ರ ಕಾವು. ಮತ್ತೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು ಆ ತುತ್ತುಗಳೊಳಗೆ ಇತ್ತು: ಅಕ್ಕನ ಬಾಯಿಗೆ ತಾವು ಇಡುವ ಕೊನೆಯ ತುತ್ತು ಇದೇ ಆಗಿಬಿಟ್ಟರೆ ಎಂಬ ಹೆದರಿಕೆ. ಆ ಹೆದರಿಕೆ ನನಗೂ ಇತ್ತು. ನಾನು ಅದನ್ನು ಪಚನಕ್ರಿಯೆಯ ಉಪನ್ಯಾಸದಲ್ಲಿ ಮುಚ್ಚಿಟ್ಟಿದ್ದೆ, ಅಷ್ಟೇ ವ್ಯತ್ಯಾಸ.

ಎರಡನೆಯ ಸಲ ಹೊರಡುವ ದಿನ ಮನೆಗೆ ಯಾರೂ ಬರಲಿಲ್ಲ. ಬಬಲೇಶ್ವರದಿಂದ ಚಿಗವ್ವ ಫೋನು ಮಾಡಿ, “ನಾ ಬರೂದಿಲ್ಲ ತಮ್ಮಾ. ಬಂದ್ರ ಈ ಕೈ ಸುಮ್ಮನಿರೂದಿಲ್ಲ” ಎಂದು ಅತ್ತಳು. ಡಬ್ಬಿಗಳಿಲ್ಲದ ಆ ಮನೆ ನನಗೆ ಬಿಕೋ ಎನ್ನಿಸಿತು. ಪ್ರೀತಿಯನ್ನು ಕೈಯಿಂದ ಬಾಯಿಗಿಟ್ಟೇ ರೂಢಿಯಾದವರಿಗೆ ದೂರದಲ್ಲಿ ಕೈಕಟ್ಟಿ ಕುಳಿತು ಪ್ರೀತಿಸುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಅಕ್ಕ ಮಾತ್ರ ಗಂಜಿಯ ಲೋಟ ಹಿಡಿದು ಬಾಗಿಲ ಕಡೆ ನೋಡುತ್ತ, “ಖರೇನ ಯಾರೂ ಬರಲಿಲ್ಲೇನೋ?” ಎಂದು ಕೇಳಿದಳು.

ಈ ಸಲ ಚಿತ್ರ ಸ್ವಚ್ಛವಾಗಿ ಬಂತು. ಮಂಪರು ಬರಿಸಿ ಚಿಕಿತ್ಸೆ ಮಾಡಿದರು. ಹೊರಗೆ ಕುಳಿತ ನನಗೆ, ಸಹಜವಾಗಿ, ಏನೂ ಕೇಳಿಸಲಿಲ್ಲ. ಊರಿಗೆ ಮರಳಿದ ಮೇಲೆ ಮೊದಮೊದಲು ಏನೂ ಬದಲಾದಂತೆ ಕಾಣಲಿಲ್ಲ. ಆಮೇಲೆ ಗುಳಿಗೆ ಕಡಿಮೆಯಾದವು. ಆಮೇಲೊಂದು ದಿನ ದಿಂಬು ಮಂಚದ ಮೇಲೆಯೇ ಉಳಿದು ಅಕ್ಕ ಒಬ್ಬಳೇ ಅಡುಗೆಮನೆಗೆ ಬಂದಳು. ಗಡ್ಡೆ ಇದೆ. ಅದು ಏನು ಮಾಡಲಿದೆಯೆಂದು ನಮಗೆಲ್ಲ ಗೊತ್ತು, ಅವಳಿಗೂ ಗೊತ್ತು.

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಸೆಕೆಗೆ ಮನೆಯೆಲ್ಲ ಬೆವರುತ್ತಿದ್ದಾಗ ಅಕ್ಕ ಎದ್ದು ಬಂದು ಪಡಸಾಲೆಯ ನೆಲದ ಮೇಲೆ ಕುಳಿತಳು. ಮೊದಲು ಮೊಳಕೈ ಊರಿದಳು, ಆಮೇಲೆ ಭುಜ, ಆಮೇಲೆ ಹೆದರುತ್ತ ಹೆದರುತ್ತ ಇಡೀ ಬೆನ್ನು. ನಾನೂ ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಅಕ್ಕ ಕಣ್ಣು ಮುಚ್ಚಿದಳು, ಕೈ ಚಾಚಿದಳು. ಈ ಸಂದರ್ಭಕ್ಕೆ ತಕ್ಕ ಒಂದು ಗಂಭೀರವಾದ ಮಾತನ್ನು ನಾನು ಮನಸ್ಸಿನಲ್ಲೇ ಜೋಡಿಸುತ್ತಿರುವಾಗ ಅವಳು ಕಣ್ಣು ತೆರೆದು ಮೇಲೆ ನೋಡಿದಳು.

“ಲೇ ತಮ್ಮಾ, ಆ ಫ್ಯಾನಿನ ಮ್ಯಾಲ ಎಷ್ಟ ಧೂಳ ಕುಂತೈತೋ! ಈ ಮನ್ಯಾಗ ಯಾರೂ ಮ್ಯಾಲ ನೋಡೂದಽ ಇಲ್ಲೇನು?”

ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಕಣ್ಣೊರೆಸಿಕೊಳ್ಳುತ್ತ ಸ್ಟೂಲನ್ನೂ ಅರಿವೆಯನ್ನೂ ಹುಡುಕಿ ತರುವಷ್ಟರಲ್ಲಿ ಕರೆಂಟು ಬಂದು ಫ್ಯಾನು ತಿರುಗತೊಡಗಿತ್ತು, ಅಕ್ಕನಿಗೆ ನಿದ್ದೆ ಹತ್ತಿತ್ತು. ಇವತ್ತೂ ಅವಳು ಅಲ್ಲೇ, ಅಂಗಾತ ಮಲಗಿದ್ದಾಳೆ. ಧೂಳು ಹಾಗೆಯೇ ಇದೆ. ಒರೆಸಬೇಕೆಂದರೆ ಫ್ಯಾನು ನಿಲ್ಲಿಸಬೇಕು. ನಿಲ್ಲಿಸಿದರೆ ಅವಳಿಗೆ ಎಚ್ಚರವಾಗುತ್ತದೆ.