ಒಂದೇ ಕೊಳವೆಯ ಎರಡು ಬೆಳಕು

ಮೊಮ್ಮಗಳು ವಿಜಯಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಳು. ಲೇಸರ್ ಪ್ರಯೋಗಕ್ಕೆ ಕತ್ತಲ ಕೋಣೆ ಬೇಕು. ಒಬ್ಬಳನ್ನೇ ಅಲ್ಲಿಗೆ ಕಳಿಸಲು ನನ್ನ ಮಗ ಒಪ್ಪಲಿಲ್ಲ. ಹಾಗಾಗಿ ತಿಕೋಟಾದಿಂದ ನಾನೂ ಬಸ್ಸು ಹತ್ತುತ್ತಿದ್ದೆ. ನಾನು ಅಕ್ಷರ ಕೂಡಿಸಿ ಓದುವವಳು. ಅಲ್ಲಿ ನನ್ನ ಕೆಲಸ ಗೋಡೆಗೆ ಒರಗಿ ಕೂರುವುದು.

ಹಿಂದಿನ ವರ್ಷ ಅವಳು ಇದೇ ಪ್ರಯೋಗದ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಉತ್ತರ ಗೊತ್ತಿತ್ತು, ಬಾಯಿ ಬಿಡಲಿಲ್ಲ. ದೊಡ್ಡವರ ಮುಂದೆ ಅವಳ ನಾಲಿಗೆ ಅಂಟಿಕೊಳ್ಳುತ್ತದೆ. ಈ ಸಲವೂ ಹಾಗಾದರೆ ಓದು ಅಲ್ಲಿಗೇ ಮುಗಿದಂತೆ.

ಗಾಜಿನ ಕೊಳವೆಯಿಂದ ಹೊರಟ ಕೆಂಪು ಕಿರಣ ಎದುರು ಗೋಡೆಯಲ್ಲಿ ಕುಂಕುಮದ ಬೊಟ್ಟಿನಷ್ಟು ಚುಕ್ಕಿಯಾಗುತ್ತಿತ್ತು. ಅವಳು ನಡುವೆ ಒಂದು ಕಪ್ಪು ಗಾಜು ಹಿಡಿದರೆ ಚುಕ್ಕಿ ಉಬ್ಬಿ, ಮಂಕಾಗಿ, ಮತ್ತೆ ಉಬ್ಬುತ್ತಿತ್ತು. ಮಲಗಿದ ಕೂಸಿನ ಹೊಟ್ಟೆಯ ಹಾಗೆ.

“ಯಾಕ ಬೇ, ಕರೆಂಟ್ ಹೋಗಾಕತ್ತೈತೇನ?”

“ಕರೆಂಟ್ ಅಲ್ಲ ಆಯಿ. ಕೊಳವಿಯೊಳಗ ಎರಡು ಬೆಳಕು ಅದಾವು. ಒಂದು ನಿಂತು ಅಲಗಾಡತೈತಿ, ಒಂದು ಅಡ್ಡ ಮಲಗಿ. ಈ ಗಾಜು ನಿಂತದ್ದನ್ನಷ್ಟ ಬಿಡತೈತಿ.”

“ಮತ್ತ ಅದು ಯಾಕ ಸಾಯಾಕತ್ತೈತಿ?”

“ಎರಡಕ್ಕೂ ಊಟ ಒಂದ ಗ್ಯಾಸಿಂದು. ಕೊಳವಿ ಕಾದು ಹಿಗ್ಗಿದಂಗ ಒಮ್ಮೆ ಇದಕ್ಕ ಹೆಚ್ಚು, ಒಮ್ಮೆ ಅದಕ್ಕ.”

“ನಿಮ್ಮಪ್ಪ, ನಿಮ್ಮ ಕಾಕಾ ಒಂದ ಗಂಗಾಳದಾಗ ಉಂಡಂಗ ಬಿಡು.”

ಅವಳು ನಕ್ಕು ಗಾಜು ತೆಗೆದಳು. ಚುಕ್ಕಿ ತೆಪ್ಪಗೆ ನಿಂತಿತು. ಒಳಗೆ ಜಗಳ, ಹೊರಗೆ ಏನೂ ಇಲ್ಲ.

ಕೊಳವೆ ಚೆನ್ನಾಗಿ ಕಾದ ಮೇಲೆ ಏರಿಳಿತ ನಿಧಾನವಾಗುತ್ತದೆ, ಆಗಲೇ ಅಳತೆ ತೆಗೆಯಬೇಕು. ಗಾಳಿ ಬಡಿಯಬಾರದೆಂದು ಫ್ಯಾನ್ ಹಚ್ಚುವಂತಿರಲಿಲ್ಲ. ಆ ಸೆಕೆಯಲ್ಲಿ ನನಗೆ ಅರೆನಿದ್ದೆ. ಗೋಡೆ ಕರಗಿ ತವರಿನ ಮಮದಾಪುರದ ಕೆರೆಯಾಗುತ್ತಿತ್ತು. ಸಂಜೆಯ ಸೂರ್ಯ ನೀರೊಳಗೆ ಉಸಿರಾಡುತ್ತಿದ್ದ. ಕುರಿಗಳು ಸದ್ದಿಲ್ಲದೆ ನೀರಿನ ಮೇಲೆ ನಡೆದು ಬಬಲೇಶ್ವರದ ಕಡೆ ಹೋಗುತ್ತಿದ್ದವು. ಅವುಗಳ ಹಿಂದೆ ನಾನೂ ಹೊರಟಿರುತ್ತಿದ್ದೆ, ಕಾಲು ಒದ್ದೆಯಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ನಾನು ಬಾಗಿಲ ಹೊರಗೆ. ಪರದೆಯ ಸಂದಿಯಿಂದ, ಕಪ್ಪು ಗಾಜು ದಾಟಿ ಬಂದ ಚುಕ್ಕಿ ಕಾಣುತ್ತಿತ್ತು. ಪರೀಕ್ಷೆ ಮಾಡುವ ಸಾಹೇಬರು ಬಂದವರೇ ಕುತ್ತಿಗೆ ಒರೆಸಿಕೊಂಡು ಫ್ಯಾನ್ ಹಚ್ಚಿದರು. ಚುಕ್ಕಿ ಬೇಗಬೇಗ ಉಬ್ಬಿ ಕುಗ್ಗತೊಡಗಿತು.

“ಏನಮ್ಮಾ, ಇದು ನಿಲ್ಲೂದ ಇಲ್ಲಲ್ಲ?”

ಅವಳು ಸುಮ್ಮನೆ ನಿಂತಳು. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಕೂಗಲು ಎದ್ದೇ ಬಿಟ್ಟಿದ್ದೆ. ಆದರೆ ನಾನು ಕೂಗಿದರೆ ಅವಳು ಇನ್ನೆಂದೂ ಮಾತಾಡುವುದಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಚುಕ್ಕಿ ಮಂಕಾಯಿತು. ಉಬ್ಬಿತು. ಮಂಕಾಯಿತು.

“ಸರ್... ಫ್ಯಾನ್ ಬಂದ್ ಮಾಡ್ರಿ.”

“ಈ ಸೆಕ್ಯಾಗ? ನನ್ನ ಸಾಯಸ್ತೀಯೇನವಾ?”

“ಗಾಳಿ ಬಡದ್ರ ಕೊಳವಿ ತಣ್ಣಗಾಗತೈತ್ರಿ. ಒಂದು ಬೆಳಕು ಇನ್ನೊಂದರ ಪಾಲು ಕಸ್ಕೊಂತೈತ್ರಿ. ಸ್ವಲ್ಪ ತಡೀರಿ ಸರ್, ತೋರಸ್ತೀನಿ.”

ಫ್ಯಾನ್ ನಿಂತಿತು. ಸಾಹೇಬರು ಕೇಳುತ್ತಾ ಹೋದರು, ಇವಳು ಹೇಳುತ್ತಾ ಹೋದಳು. ಮೊದಮೊದಲು ಸಣ್ಣಗೆ, ಆಮೇಲೆ ಓಣಿಯಲ್ಲಿ ಜಗಳಾಡುವವರ ಹಾಗೆ. ಪಾಸಾದಳು.

ಬಸ್ಸಿನಲ್ಲಿ ಊರು ಬರುವ ತನಕ ಅವಳ ಬಾಯಿ ನಿಲ್ಲಲಿಲ್ಲ. ಕಿಟಕಿಯಾಚೆ ಹೊಲಗಳು ಬಿಸಿಲಲ್ಲಿ ತೇಲುತ್ತಿದ್ದವು.

“ಸಾಕ ಮಾಡ ಬೇ, ಸ್ವಲ್ಪ ಮಲಗಾಕ ಬಿಡು,” ಎಂದೆ. ಬಿಡಲಿಲ್ಲ.